ಕಾಲು, ಕಾಲುವೆ

ಗದ್ದೆ ಬದುವಿನ ಮೇಲೆ ಒಂದು ಹವಾಯಿ ಚಪ್ಪಲಿ ಬಿದ್ದಿತ್ತು. ಎಡಗಾಲಿನದು. ಹತ್ತು ಮಾರು ಮುಂದೆ ಕಾಕಾ ಹೊರಟಿದ್ದರು. ಬಲಗಾಲಲ್ಲಿ ಚಪ್ಪಲಿ, ಎಡಗಾಲು ಬರಿದು. "ಕಾಕಾ, ಚಪ್ಪಲ್ ಬಿಟ್ಟು ಹೊಂಟೀರಲ್ರಿ" ಎಂದು ಕೂಗಿದೆ. "ಕಾಲಾಗ ಐತಿ ಬಿಡೋ" ಅಂದರು, ತಿರುಗಿಯೂ ನೋಡದೆ. ಚಪ್ಪಲಿ ಎತ್ತಿ ತೋರಿಸಿದ ಮೇಲೆ ಬಗ್ಗಿ ತಮ್ಮ ಕಾಲು ನೋಡಿಕೊಂಡರು, ಜಾತ್ರೆಯಲ್ಲಿ ಬೇರೆಯವರ ಕೂಸನ್ನು ಎತ್ತಿಕೊಂಡು ಬಂದವರ ಹಾಗೆ.

ಮನೆಗೆ ಬಂದು ನನ್ನ ಕಾಲಿನ ಮೇಲೆ ಪ್ರಯೋಗ ಮಾಡಿದೆ. ಚಪ್ಪಲಿ ಕಾಲಲ್ಲಿದೆ ಎಂದು ನನಗೆ ಹೇಗೆ ಗೊತ್ತಾಗುತ್ತದೆ? ದಿನಕ್ಕೊಮ್ಮೆಯೂ ಅದರ ನೆನಪು ಮಾಡಿಕೊಳ್ಳುವುದಿಲ್ಲ. ಆದರೂ ಪಟ್ಟಿ ಸ್ವಲ್ಪ ಸಡಿಲಾದರೆ ಸಾಕು, ಬೆರಳು ತಾನೇ ಬಿಗಿಹಿಡಿಯುತ್ತದೆ. ಈ ತಾನೇ ಹಿಡಿಯುವ ಬುದ್ಧಿ ಕಾಕಾನ ಕಾಲನ್ನು ಯಾವಾಗ ಬಿಟ್ಟು ಹೋಯಿತು? ಕೇಳಿದರೆ, "ನಂದೇನು ಹೋಗೈತಿ, ಚಂದ ಐತಿ" ಎನ್ನುತ್ತಾರೆ. ಹೋದದ್ದು ಗೊತ್ತಾಗಬೇಕಾದದ್ದು ಯಾವುದರಿಂದಲೋ, ಹೋಗಿರುವುದು ಅದೇ.

*

ಅದೇ ರಾತ್ರಿ ಹನ್ನೊಂದಕ್ಕೆ ಕಾಕಾ ಪಡಸಾಲೆಯಲ್ಲಿ ಕೂತು ಕಾಲಿಗೆ ತಣ್ಣೀರು ಸುರಿದುಕೊಳ್ಳುತ್ತಿದ್ದರು. ಪಕ್ಕದಲ್ಲಿ ನೆನೆಸಿದ ಗೋಣಿತಟ್ಟು. "ಕೆಂಡ ತುಳದಂಗ ಆಗತೈತಿ. ಅಲಾಯಿ ಹಾಯ್ದವರಿಗೂ ಇಷ್ಟು ಸುಡಂಗಿಲ್ಲ."

ನಮ್ಮ ಸೀಮೆಯಲ್ಲಿ ಮೊಹರಂ ಬಂದರೆ ಊರೂರಲ್ಲಿ ಅಲಾಯಿ ಕುಣಿ ತೋಡುತ್ತಾರೆ, ಹಿಂದೂ ಮುಸ್ಲಿಂ ಎನ್ನದೆ ಅದರ ಕೆಂಡ ಹಾಯುತ್ತಾರೆ. ಕಾಕಾ ಹರೆಯದಲ್ಲಿ ಹಾಯ್ದವರು. ಆಗ ನಿಜವಾದ ಬೆಂಕಿ, ಸುಡಲಿಲ್ಲವಂತೆ. ಈಗ ಬೆಂಕಿಯೇ ಇಲ್ಲ, ಸುಡುತ್ತಿದೆ.

ಹಗಲು ಚಪ್ಪಲಿ ಜಾರಿದ್ದು ತಿಳಿಯದ ಕಾಲಿಗೆ ರಾತ್ರಿ ಇಲ್ಲದ ಬೆಂಕಿ ತಿಳಿಯುತ್ತದೆ. ಸತ್ತಿದೆ ಅನ್ನಲೋ, ಅತಿಯಾಗಿ ಎಚ್ಚರವಾಗಿದೆ ಅನ್ನಲೋ?

*

ಇದು ನರದ ಕಾಯಿಲೆ ಎಂದು ಕಾಕಾಗೆ ತಿಳಿಯದ್ದರಲ್ಲಿ ಕನ್ನಡದ್ದೂ ಸ್ವಲ್ಪ ತಪ್ಪಿದೆ. ನಮಗೆ ಎಲ್ಲವೂ ನರವೇ. ಮುಂಗೈ ಮೇಲೆ ನೀಲಿಯಾಗಿ ಉಬ್ಬಿದ್ದು ನರ. ಸಲಾಯಿನ್ ಹಾಕಲು ಬಂದ ಸಿಸ್ಟರ್ "ನರ ಸಿಗವಲ್ದು" ಎಂದು ಚುಚ್ಚಿ ಚುಚ್ಚಿ ನೋಡುವುದು ರಕ್ತನಾಳವನ್ನು. ಮೂಟೆ ಎತ್ತಿದ ಹಮಾಲನಿಗೆ "ನರ ಎಳದೈತಿ" ಎಂದರೆ ಅದು ಸ್ನಾಯುವೋ, ಅದರ ತುದಿಯ ಹುರಿಯೋ. ಸಿಟ್ಟು ಬಂದರೆ ಬೈಯುವುದು "ನರಸತ್ತವನೇ" ಎಂದು. ಇನ್ನು ಬಸ್‌ಸ್ಟ್ಯಾಂಡ್ ಗೋಡೆಯ ಮೇಲಿನ 'ನರದೌರ್ಬಲ್ಯ'ದ ಜಾಹೀರಾತಿಗೂ ಪಾದಕ್ಕೂ ಸಂಬಂಧವೇ ಇಲ್ಲ. ಹೀಗಿರುವಾಗ ವೈದ್ಯರು "ನರಕ್ಕೆ ಪೆಟ್ಟಾಗಿದೆ" ಅಂದದ್ದಕ್ಕೆ ಕಾಕಾ ಪಾದದ ಮೇಲಿನ ನೀಲಿ ಗೆರೆ ತೋರಿಸಿ, "ಇದು ಚಂದ ಹರೀತೈತಲ್ರಿ" ಅಂದರೆ ಅವರದೇನು ತಪ್ಪು?

ಆದರೆ ಕಾಯಿಲೆಯ ಸೊಲ್ಲುಗಳಲ್ಲಿ ನಾವು ಬಡವರಲ್ಲ. ಜೋಮು, ಜುಮುಜುಮು, ಚುಮುಚುಮು, ಇರುವೆ ಹರಿದಂಗ, ಉರಿ, ಮರಗಟ್ಟುವುದು, ಹತ್ತಿ ಮೇಲೆ ನಡೆದಂಗ. ಕೊನೆಯದನ್ನು ನಾನು ಮೊದಲು ಕೇಳಿದ್ದು ನಮ್ಮ ಅಕ್ಕಿ ಮಿಲ್ಲಿನ ಒಬ್ಬ ಹಮಾಲನ ಬಾಯಲ್ಲಿ. ಸಿಮೆಂಟ್ ನೆಲದ ಮೇಲೆ ನಿಂತು, "ಅರಳಿ ಮ್ಯಾಗ ನಿಂತಂಗ ಆಗತೈತ್ರಿ" ಅಂದ. ಅರಳಿ ಎಂದರೆ ನಮ್ಮಲ್ಲಿ ಹತ್ತಿ. ಎಷ್ಟು ಸುಖವಾಗಿ ಕೇಳಿಸುತ್ತದೆ.

*

ಕೆಂಪು ಸೂಜಿಯ ವಿಷಯ. ಕಾಲು ಜೋಮು ಎಂದು ಹೋದವರಿಗೆಲ್ಲ ಒಂದು ಕಡೆ ಕೆಂಪು ಔಷಧದ ಸೂಜಿ ಹಾಕುತ್ತಾರೆ (ಎಲ್ಲಿ ಎಂದು ಬರೆಯುವುದಿಲ್ಲ, ನಾಳೆಯೂ ಅದೇ ಓಣಿಯಲ್ಲಿ ತಿರುಗಬೇಕು). ಕಾಕಾ ಹತ್ತು ಹಾಕಿಸಿಕೊಂಡರು. ಬಣ್ಣ ನೋಡಿ ರಕ್ತವೇ ಒಳಗೆ ಹೋದಂತೆ ಧೈರ್ಯ ಬಂತೇ ಹೊರತು ಚಪ್ಪಲಿ ಜಾರುವುದು ನಿಲ್ಲಲಿಲ್ಲ.

ಅದು ಬಿ12. ಅದರ ಅಣುವಿನ ನಡುವೆ ಕೋಬಾಲ್ಟ್ ಇರುವುದರಿಂದ ಆ ಕೆಂಪು. ಸುಳ್ಳು ಔಷಧ ಅಲ್ಲ. ಮೈಯಲ್ಲಿ ಬಿ12 ಕಡಿಮೆಯಾಗಿ ನರ ಕೆಟ್ಟವರಿಗೆ ಅದೇ ಮದ್ದು. ಹಾಲು, ಮೊಸರು, ಮೊಟ್ಟೆ, ಮಾಂಸದಲ್ಲಿ ಸಿಗುತ್ತದೆ, ಸೊಪ್ಪು ಕಾಳಿನಲ್ಲಿ ಇಲ್ಲ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಗುಳಿಗೆಯನ್ನು ವರ್ಷಗಟ್ಟಲೆ ನುಂಗಿದವರಲ್ಲಿ ಬಿ12 ಇಳಿಯುವುದುಂಟು. ಆದ್ದರಿಂದ ರಕ್ತ ಪರೀಕ್ಷೆ ಮಾಡಿಸಿ ಕೊಟ್ಟರೆ ಔಷಧ, ಪರೀಕ್ಷೆಯಿಲ್ಲದೆ ಹಾಕಿದರೆ ಅದೃಷ್ಟ. ನನ್ನ ಬೆರಗು ಇನ್ನೊಂದರ ಬಗ್ಗೆ. 'ನರದ ಗುಳಿಗೆ'ಗಳಲ್ಲಿ ಬಿ6 ಎಂಬುದೂ ಇರುತ್ತದೆ; ಅದು ಕಡಿಮೆಯಾದರೂ ನರ ಕೆಡುತ್ತದೆ, ಹೆಚ್ಚು ಪ್ರಮಾಣದಲ್ಲಿ ಬಹುಕಾಲ ತಿಂದರೂ ಕೆಡುತ್ತದೆ. ಶಕ್ತಿ ಬರಲೆಂದು ತಿಂದ ಗುಳಿಗೆಯಿಂದಲೇ ಜೋಮು.

*

ಆಸ್ಪತ್ರೆ. ವೈದ್ಯೆ ಒಂದು ಪೆನ್ನಿನಂಥ ಕಡ್ಡಿ ತೆಗೆದರು, ತುದಿಯಲ್ಲಿ ನೈಲಾನ್ ಎಳೆ. ಮೀನಿನ ಗಾಳದ ದಾರದ ಹಾಗಿತ್ತು. ಚರ್ಮಕ್ಕೆ ಒತ್ತಿದರೆ ಸರಿಯಾಗಿ 10 ಗ್ರಾಂ ಭಾರಕ್ಕೆ ಬಾಗುತ್ತದೆ. "ಕಣ್ ಮುಚ್ರಿ ಅಜ್ಜಾರ, ಮುಟ್ಟಿದ್ದು ಗೊತ್ತಾದ್ರ ಹೂಂ ಅನ್ರಿ."

ಹೆಬ್ಬೆರಳಿಗೆ ಒತ್ತಿದರು. ಎಳೆ ಬಿಲ್ಲಿನಂತೆ ಬಾಗಿತು. ಕಾಕಾ ಸುಮ್ಮನೆ. ಕಿರುಬೆರಳ ಬುಡ, ಅಂಗಾಲಿನ ಉಬ್ಬು, ಎಲ್ಲ ಕಡೆ ಬಾಗಿತು, ಎಲ್ಲ ಕಡೆ ಸುಮ್ಮನೆ. ಆಮೇಲೆ ವೈದ್ಯೆ ಕಡ್ಡಿ ಮೇಲೆತ್ತಿ ಚೀಟಿಯಲ್ಲಿ ಬರೆಯತೊಡಗಿದರು. ಆಗ ಕಾಕಾ "ಹೂಂ" ಅಂದರು. ಎರಡು ಸಲ. ಬಹಳ ಹೊತ್ತು ಏನೂ ಹೇಳದೆ ಕೂತರೆ ಡಾಕ್ಟರಿಗೆ ಬೇಜಾರಾದೀತೆಂದು, ಮರ್ಯಾದೆಗೆ ಅಂದ ಹೂಂ. ನನಗೆ ಗಂಟಲು ಕಟ್ಟಿತು.

ಆಮೇಲೆ ಕವಣೆಯಂಥ ಉಕ್ಕಿನ ಶ್ರುತಿಕವಲು, ಸೆಕೆಂಡಿಗೆ 128 ಸಲ ಅದುರುವಂಥದ್ದು. ಮೊಣಕಾಲ ಚಿಪ್ಪಿನ ಮೇಲೆ ಇಟ್ಟಾಗ "ಗುಂಯ್ ಅಂತೈತಿ" ಅಂದವರಿಗೆ ಹೆಬ್ಬೆರಳ ಗೆಣ್ಣಿನ ಮೇಲೆ ಅದು ಬರೀ ತಣ್ಣನೆಯ ಕಬ್ಬಿಣವೂ ಆಗಿರಲಿಲ್ಲ.

"ಮುಖಕ್ಕೆ ಸಾಬಾನ ಹಚ್ಚಿದಾಗ ಜೋಲಿ ಹೊಡೀತೈತೇನ್ರಿ?" ಎಂದು ಅವರು ಕೇಳಿದಾಗ ಕಾಕಾ ಬೆಚ್ಚಿದರು. ಬಚ್ಚಲಲ್ಲಿ ಎರಡು ಸಲ ಬಿದ್ದದ್ದನ್ನು ಯಾರಿಗೂ ಹೇಳಿರಲಿಲ್ಲ. ಕಾಲು ಎಲ್ಲಿದೆ ಎಂದು ಕಾಲು ಹೇಳುವುದನ್ನು ಬಿಟ್ಟರೆ ಆ ಕೆಲಸವನ್ನು ಕಣ್ಣು ಮಾಡುತ್ತದೆ; ಕಣ್ಣು ಮುಚ್ಚಿದ ಕ್ಷಣಕ್ಕೆ ಆಳು ಓಲಾಡುತ್ತಾನೆ. ಇದನ್ನು ನನಗೆ ಯಾರಾದರೂ ಮೊದಲೇ ಹೇಳಿದ್ದರೆ ಬಚ್ಚಲಿಗೆ ಒಂದು ಹಿಡಿಗಂಬಿ ಹಾಕಿಸುತ್ತಿದ್ದೆ. ಮಾರನೇ ದಿನ ಹಾಕಿಸಿದೆ.

*

ಕಾಕಾನ ನರ ಕೆಡಿಸಿದ್ದು ಸಕ್ಕರೆ ಕಾಯಿಲೆ. ಆದರೆ ಕಾಲ್ಬೆರಳಿಂದಲೇ ಏಕೆ ಶುರು? ಸಕ್ಕರೆ ಇರುವುದು ಇಡೀ ಮೈಯ ರಕ್ತದಲ್ಲಿ. ಇದಕ್ಕೆ ಉತ್ತರ ಹೊಳೆಯಲು ನಾನು ಮರಳಿ ಎಂಬ ಊರಿನವನಾಗಿದ್ದೇ ಸಾಕಾಯಿತು.

ಮುನಿರಾಬಾದಿನ ಡ್ಯಾಮಿನಿಂದ ಹೊರಟ ಎಡದಂಡೆ ಕಾಲುವೆ 200 ಕಿ.ಮೀ. ದಾಟಿ ಹೋಗುತ್ತದೆ. 1953ರಲ್ಲಿ ನೀರು ನಿಂತಾಗಿನಿಂದ ನಮ್ಮ ಕಡೆಯ ಜೋಳದ ಹೊಲಗಳೆಲ್ಲ ಭತ್ತದ ಗದ್ದೆಗಳಾದವು. ನೀರು ಕಡಿಮೆಯಾದ ವರ್ಷ ಮೊದಲು ಒಣಗುವುದು ಯಾರ ಗದ್ದೆ? ನಮ್ಮದಲ್ಲ. ಮಾನ್ವಿ, ರಾಯಚೂರು ಕಡೆಯ ಟೇಲ್ ಎಂಡಿನವರದು. (ನಾವು ಮೇಲಿನವರು ಪಂಪು ಹಚ್ಚಿ ಎಳೆಯುತ್ತೇವೆ ಎಂಬುದನ್ನೂ ಇಲ್ಲಿ ಬರೆದಿಡಬೇಕು, ಇದನ್ನೆಲ್ಲ ಬರೆಯುವ ನೋಟ್‌ಬುಕ್ ನನ್ನದೇ ಆದರೂ.)

ಮೈಯಲ್ಲಿ ಟೇಲ್ ಎಂಡು ಎಂದರೆ ಕಾಲಿನ ಹೆಬ್ಬೆರಳು. ಅಲ್ಲಿನ ಸ್ಪರ್ಶದ ಸುದ್ದಿ ತರುವ ಜೀವಕೋಶದ ಮನೆ ಇರುವುದು ಸೊಂಟದ ಹತ್ತಿರ, ಬೆನ್ನುಮೂಳೆಯ ಪಕ್ಕದಲ್ಲಿ. ಅಲ್ಲಿಂದ ಒಂದೇ ಎಳೆ, ಎಲ್ಲೂ ಗಂಟಿಲ್ಲದೆ, ಹೆಚ್ಚುಕಡಿಮೆ ಒಂದು ಮೀಟರ್ ಉದ್ದ. ತುದಿಗೆ ಬೇಕಾದ ಸಾಮಾನು ಬಹುಪಾಲು ಮನೆಯಲ್ಲೇ ತಯಾರಾಗಿ ಆ ಎಳೆಯೊಳಗೇ ಸಾಗಿ ಬರಬೇಕು. ಸಕ್ಕರೆ ಹೆಚ್ಚಾಗಿ ಎಳೆಯೂ, ಎಳೆಗೆ ರಕ್ತ ಕೊಡುವ ಸಣ್ಣ ನಾಳಗಳೂ ಸೊರಗಿದಾಗ ಮೊದಲು ಬರಗಾಲ ಬೀಳುವುದು ತುದಿಗೆ. ಅಲ್ಲಿಂದ ಮೇಲಕ್ಕೆ ಹತ್ತುತ್ತದೆ, ಕಾಲ್ಚೀಲ ಎಳೆದಂತೆ. ಮೊಣಕಾಲಿನ ಹತ್ತಿರ ಬರುವ ಹೊತ್ತಿಗೆ ಕೈಬೆರಳ ತುದಿಯಲ್ಲೂ ಜುಮುಜುಮು, ಏಕೆಂದರೆ ಉದ್ದದಲ್ಲಿ ಆ ಎಳೆಗಳ ಸರದಿ ಆಗ ಬರುತ್ತದೆ. ಕಾಲು, ಕಾಲುವೆ. ಪದಗಳು ಇಷ್ಟು ಹತ್ತಿರ ಇರುವುದು ಗಮನಕ್ಕೆ ಬಂದು ಆ ದಿನ ಮಿಲ್ಲಿನ ಕಾಟಾದ ಮೇಲೆ ಒಂದು ಲಾರಿಯ ತೂಕ ತಪ್ಪು ಬರೆದೆ.

ಬೆಂಕಿಯ ಒಗಟೂ ಅಲ್ಲೇ ಬಿಡಿಸಿಕೊಂಡಿತು. 2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟಿನ ಚೈನು ಹರಿದು ಗೇಟು ಕೊಚ್ಚಿಹೋಯಿತಲ್ಲ, ಆಗ ಯಾರೂ ಕೇಳದೆ, ಯಾರೂ ಬಿಡದೆ ನೀರು ತಾನೇ ನುಗ್ಗಿತು. ಕೆಟ್ಟ ನರವೂ ಹಾಗೇ: ಸುದ್ದಿ ಇಲ್ಲದಿದ್ದರೂ ಸುದ್ದಿ ಕಳಿಸುತ್ತದೆ. ಬಿಸಿ ಮತ್ತು ನೋವನ್ನು ತರುವ ಸಣ್ಣ ಎಳೆಗಳಿಂದ ಏನೇ ಬರಲಿ, ಮಿದುಳು ಅದನ್ನು ಬೆಂಕಿ ಎಂದೇ ಓದುತ್ತದೆ. ಅತ್ತ ಚಪ್ಪಲಿಯ ಸುದ್ದಿ ತರುವ ದಪ್ಪ ಎಳೆಗಳು ಮೂಕ. ಒಂದೇ ಪಾದದಲ್ಲಿ ಬರವೂ ಪ್ರವಾಹವೂ.

*

'ತೌಡು ಕುಟ್ಟುವುದು' ಎಂದರೆ ನಮ್ಮಲ್ಲಿ ವ್ಯರ್ಥ ಕೆಲಸ. ಆದರೆ ತೌಡಿನಿಂದಲೇ ಒಬ್ಬರಿಗೆ ನೊಬೆಲ್ ಬಂದಿದೆ. ಮಿಲ್ಲಿನಲ್ಲಿ ಕೆಲಸ ಮಾಡುವ ನಾನು ಇದನ್ನು ಬರೆದಿಡದೆ ಬಿಡಲಾರೆ.

1890ರ ಆಸುಪಾಸು, ಜಾವಾ. ಡಚ್ ವೈದ್ಯ ಕ್ರಿಸ್ಟಿಯಾನ್ ಐಕ್ಮನ್ ಬೆರಿಬೆರಿಯ ಕ್ರಿಮಿ ಹುಡುಕುತ್ತಿದ್ದ. ಬೆರಿಬೆರಿ ಎಂದರೆ ಕಾಲು ಸೋತು, ಜೋಮು ಹಿಡಿದು, ನಡಿಗೆ ತಪ್ಪುವ ಕಾಯಿಲೆ. ಪ್ರಯೋಗಶಾಲೆಯ ಕೋಳಿಗಳೂ ಇದ್ದಕ್ಕಿದ್ದಂತೆ ಕಾಲು ಸೋತು ಬಿದ್ದವು. ಇದ್ದಕ್ಕಿದ್ದಂತೆಯೇ ಎದ್ದವು. ವಿಚಾರಿಸಿದರೆ, ಅವಕ್ಕೆ ಮಿಲಿಟರಿ ಆಸ್ಪತ್ರೆಯಲ್ಲಿ ಮಿಕ್ಕ ಬಿಳಿ ಅನ್ನ ಹಾಕುತ್ತಿದ್ದರಂತೆ. ಹೊಸ ಅಡಿಗೆಯವನು ಬಂದು, ಸರ್ಕಾರಿ ಸಿಪಾಯಿ ಅಕ್ಕಿಯನ್ನು ಸಿವಿಲ್ ಕೋಳಿಗಳಿಗೆ ಕೊಡುವುದಿಲ್ಲ ಎಂದು ಹಟ ಹಿಡಿದ. ತೌಡು ಹೋಗದ ಅಕ್ಕಿ ತಿಂದ ಕೋಳಿಗಳು ಓಡಾಡಿದವು. ತೌಡಿನಲ್ಲಿರುವ ಬಿ1 ಸಿಗದೆ ನರ ಕೆಡುತ್ತಿತ್ತು ಎಂದು ತಿಳಿಯಲು ಇನ್ನೂ ವರ್ಷಗಳು ಹಿಡಿದವು. ಐಕ್ಮನ್‌ಗೆ ನೊಬೆಲ್ ಬಂದದ್ದು 1929ರಲ್ಲಿ. ಅಡಿಗೆಯವನಿಗೆ ಏನೂ ಬರಲಿಲ್ಲ.

ನಮ್ಮ ಮಿಲ್ಲಿನಲ್ಲಿ ಸೋನಾ ಮಸೂರಿ ಹಲ್ಲಿನಂತೆ ಬೆಳ್ಳಗಾಗಿ ಬೀಳುತ್ತದೆ. ತೌಡು ಎಣ್ಣೆಗೂ ದನಕ್ಕೂ ಹೋಗುತ್ತದೆ. ಕಾಕಾನದು ಬೆರಿಬೆರಿ ಅಲ್ಲ, ಸಕ್ಕರೆ. ಆದರೆ ಅವರ ತಾಯಿ ಎರಡು ಹೊತ್ತು ಜೋಳದ ರೊಟ್ಟಿ ತಿಂದವರು, ಅನ್ನ ಹಬ್ಬಕ್ಕೆ. ಇವರು ಮೂರು ಹೊತ್ತೂ ಅನ್ನ.

*

ಜೋಮು ಎಂದು ಓಣಿಯಲ್ಲಿ ಹೇಳಿದೆವೋ ಇಲ್ಲವೋ, ಕಾಕಿಯ ಮುಖ ಸಣ್ಣದಾಯಿತು. "ದೊಡ್ಡ ರೋಗ ಅಲ್ಲಲ್ಲ?" ಎಂದು ಒಳಮನೆಯಲ್ಲಿ ಪಿಸುಗುಟ್ಟಿದರು. ಕುಷ್ಠದ ಹೆಸರು ಹೇಳಲಿಲ್ಲ.

ಅಲ್ಲ. ಆದರೆ ಆ ಭಯ ಪೂರ್ತಿ ಸುಳ್ಳಲ್ಲ: ಕುಷ್ಠವೂ ಮೂಲದಲ್ಲಿ ನರದ ಕಾಯಿಲೆಯೇ. ಚರ್ಮದ ಮಚ್ಚೆಯಲ್ಲಿ ಸ್ಪರ್ಶ ಇರುವುದಿಲ್ಲ, ಮೊಣಕೈ ಹಿಂದಿನ ನರ ಹಗ್ಗದಂತೆ ದಪ್ಪವಾಗಿ ಕೈಗೆ ಸಿಗುತ್ತದೆ. ಔಷಧ ಉಚಿತ, ಆರು ತಿಂಗಳೋ ಒಂದು ವರ್ಷವೋ. ಬೇಗ ಹಿಡಿದರೆ ಪೂರ್ತಿ ವಾಸಿ. ಆಶಾ ಕಾರ್ಯಕರ್ತೆಯರು ಮನೆಮನೆಗೆ ಬಂದು ಮಚ್ಚೆ ನೋಡುವುದು ಅದಕ್ಕೇ. ಜನವರಿ 30ರಂದು ಶುರುವಾಗುವ ಅಭಿಯಾನದ ಹೆಸರು 'ಸ್ಪರ್ಶ'. ಹೆಸರಿಟ್ಟವರಿಗೆ ಕಾಯಿಲೆಯೂ ಗೊತ್ತಿತ್ತು, ಜನರೂ ಗೊತ್ತಿದ್ದರು.

ವೆಲ್ಲೂರಿನಲ್ಲಿ ಪಾಲ್ ಬ್ರಾಂಡ್ ಎಂಬ ಶಸ್ತ್ರವೈದ್ಯರಿದ್ದರು, ಹುಟ್ಟಿದ್ದು 1914ರಲ್ಲಿ ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ. ಕುಷ್ಠದಲ್ಲಿ ಬೆರಳು ಕೊಳೆತು ಉದುರುತ್ತವೆ ಎಂದು ಲೋಕ ನಂಬಿದ್ದಾಗ, ಅವು ಉದುರುವುದಿಲ್ಲ, ನೋವು ತಿಳಿಯದೆ ಸುಟ್ಟು, ತರಚಿ, ಒತ್ತಿ ಸವೆಯುತ್ತವೆ ಎಂದು ತೋರಿಸಿದವರು. ಕೆಲವರ ಬೆರಳು ರಾತ್ರೋರಾತ್ರಿ ಮಾಯವಾಗುತ್ತಿದ್ದವಂತೆ. ಕಾದು ನೋಡಿದರೆ ಇಲಿ. ನಿದ್ದೆಯಲ್ಲಿ ಕಡಿದದ್ದು ಅವರಿಗೆ ತಿಳಿಯುತ್ತಲೇ ಇರಲಿಲ್ಲ. ಆಮೇಲೆ ರೋಗಿಗಳಿಗೆ ಬೆಕ್ಕು ಕೊಟ್ಟರಂತೆ, ಔಷಧ ಕೊಟ್ಟ ಹಾಗೆ.

ಭತ್ತದ ಚೀಲ ಒಟ್ಟಿದ ಪಡಸಾಲೆಯಲ್ಲಿ ಮಲಗುವ ಕಾಕಾನ ಹಾಸಿಗೆಯನ್ನು ನಾನು ಆ ರಾತ್ರಿಯೇ ಒಳಗೆ ಸಾಗಿಸಿದೆ. ಸೊಳ್ಳೆಪರದೆ ಸುತ್ತ ಸಿಕ್ಕಿಸಿದೆ. ಯಾಕೆಂದು ಹೇಳಲಿಲ್ಲ.

*

ಉರಿಗೆ ಬರೆದ ಗುಳಿಗೆಯ ಹೆಸರನ್ನು ಮೊಮ್ಮಗಳು ಮೊಬೈಲಿನಲ್ಲಿ ನೋಡಿ, "ಇದು ಡಿಪ್ರೆಶನ್‌ದ್ದು" ಅಂದಳು. ಕಾಕಾ ಕೆಂಡ. "ನನಗೇನು ಹುಚ್ಚ ಹಿಡದೈತೇನು?" ಅಮಿಟ್ರಿಪ್ಟಿಲಿನ್, ಡುಲಾಕ್ಸೆಟಿನ್ ಮೊದಲು ಮನಸ್ಸಿಗೆಂದು ಬಂದವು, ನರದ ಉರಿಗೂ ಆಗುತ್ತವೆ ಎಂದು ಆಮೇಲೆ ತಿಳಿಯಿತು; ಗಾಬಾಪೆಂಟಿನ್, ಪ್ರಿಗಾಬಾಲಿನ್ ಮೂರ್ಛೆ ರೋಗದಿಂದ ಬಂದವು. ಸಾದಾ ನೋವಿನ ಗುಳಿಗೆ ಈ ಉರಿಗೆ ಹೆಚ್ಚೇನೂ ಮಾಡುವುದಿಲ್ಲ. ಇವೂ ಹೋದ ಸ್ಪರ್ಶ ತರುವುದಿಲ್ಲ, ಗದ್ದಲ ತಗ್ಗಿಸುತ್ತವೆ ಅಷ್ಟೇ. ತೂಕಡಿಕೆ, ತಲೆತಿರುಗು ಬರಬಹುದು ಎಂದು ಮೊದಲೇ ಹೇಳಿದ್ದರಿಂದ ಕಾಕಾ ರಾತ್ರಿ ಎದ್ದಾಗ ಗೋಡೆ ಹಿಡಿಯುತ್ತಾರೆ.

ಇನ್ನೊಂದು ಮದ್ದು ಕೇಳಿ ಕಾಕಿ ನಕ್ಕದ್ದೇ ನಕ್ಕದ್ದು: ಮೆಣಸಿನಕಾಯಿ ಖಾರದಿಂದ ಮಾಡಿದ ಮುಲಾಮು. ಮೈಗೆ ಬಿಸಿ ಗೊತ್ತಾಗುವ ಬಾಗಿಲನ್ನೇ ಖಾರವೂ ತಟ್ಟುತ್ತದೆ. ಅದಕ್ಕೇ ಖಾರ 'ಸುಡುತ್ತದೆ'. ಈ ಬಾಗಿಲು ಕಂಡುಹಿಡಿದ ಡೇವಿಡ್ ಜೂಲಿಯಸ್‌ಗೆ 2021ರ ನೊಬೆಲ್ ಬಂತು, ಒತ್ತಡದ ಬಾಗಿಲು ಹುಡುಕಿದ ಆರ್ಡೆಮ್ ಪಟಪೌಟಿಯನ್ ಜೊತೆ. ಮತ್ತೆ ಮತ್ತೆ ತಟ್ಟಿಸಿಕೊಂಡ ಬಾಗಿಲು ಕೊನೆಗೆ ದಣಿದು ಸುಮ್ಮನಾಗುತ್ತದೆ. ಮನೆಯ ಗುಂಟೂರು ಖಾರ ಅರೆದು ಹಚ್ಚಲು ಮಾತ್ರ ಯಾರೂ ಹೋಗಬಾರದು. ಜೋಮು ಹಿಡಿದ ಚರ್ಮಕ್ಕೆ ಬೊಬ್ಬೆ ಬಂದದ್ದೂ ತಿಳಿಯುವುದಿಲ್ಲ.

*

ಎಲ್ಲ ಜೋಮೂ ಸಕ್ಕರೆಯದಲ್ಲ. ಸೆರೆ ಕುಡಿತದಿಂದ ಬರುತ್ತದೆ. ಕ್ಷಯಕ್ಕೆ ಕೊಡುವ ಐಸೋನಿಯಾಜಿಡ್‌ನಿಂದ ಬರುತ್ತದೆ. ಅದಕ್ಕೇ ಜೊತೆಗೆ ಅದೇ ಬಿ6 ಕೊಡುತ್ತಾರೆ, ಅಳತೆಯಲ್ಲಿ. ದಿನವಿಡೀ ಕುಕ್ಕರಗಾಲಲ್ಲಿ ಕೂತು ಕಳೆ ಕಿತ್ತವರಿಗೆ ಮೊಣಕಾಲ ಪಕ್ಕದ ನರ ಒತ್ತಿ ಪಾದವೇ ಜೋತು ಬೀಳುವುದುಂಟು. ಕೆಲವು ಕೀಟನಾಶಕಗಳು ಮೈಗೆ ಹೋದರೆ ಎರಡು ಮೂರು ವಾರ ಕಳೆದ ಮೇಲೆ ಕಾಲು ಹಿಡಿಯುತ್ತವೆ.

ಒಂದನ್ನು ನೋಟ್‌ಬುಕ್ಕಿನಲ್ಲಿ ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ: ಕೆಲವೇ ದಿನಗಳಲ್ಲಿ ಎರಡೂ ಕಾಲು ಸೋತು, ಸೋಲು ಮೇಲಕ್ಕೇರುತ್ತಿದ್ದರೆ ಅದು ನಾಳೆ ನೋಡುವ ಕಾಯಿಲೆಯಲ್ಲ. 2025ರ ಜನವರಿಯಲ್ಲಿ ಪುಣೆಯಲ್ಲಿ ಹೆಚ್ಚಾಗಿ ಕಂಡ ಗಿಯಾನ್ ಬಾರೆ ಎಂಬ ಕಾಯಿಲೆ ಅಂಥದ್ದು, ಉಸಿರಿಗೇ ಬರಬಹುದು. ಅವತ್ತೇ ದೊಡ್ಡ ಆಸ್ಪತ್ರೆ.

*

ಕಾಕಿಗೆ ಮೊದಲು ಕಂಡದ್ದು ನೆಲ. ಪಡಸಾಲೆಯ ಕಡಪಾ ಕಲ್ಲಿನ ಮೇಲೆ ಒಂದೊಂದು ಹೆಜ್ಜೆಗೆ ಒಂದೊಂದು ಕುಂಕುಮದ ಬೊಟ್ಟು. ಅಡಿಗೆಮನೆಯಿಂದ ಹಿತ್ತಲಿನವರೆಗೆ. "ಯಾರು ಕುಂಕುಮ ಚೆಲ್ಲೀರಿ?" ಎಂದು ಗದರಿಸಿ ಒರೆಸಲು ಬಗ್ಗಿದವರು ನಿಂತರು.

ಕಾಕಾನ ಚಪ್ಪಲಿ ತಿರುಗಿಸಿದೆವು. ಅಟ್ಟೆಯಲ್ಲಿ ಬಳ್ಳಾರಿ ಜಾಲಿಯ ಮುಳ್ಳು, ಒಂದೂವರೆ ಇಂಚಿನದು, ಕೆಳಗಿಂದ ಹೊಕ್ಕು ಮೇಲೆ ಬಂದಿತ್ತು. ತುದಿ ಕರ್ರಗೆ, ಒಣಗಿದ ರಕ್ತ. ಗದ್ದೆಗೆ ಹೋದದ್ದು ಮೊನ್ನೆ. ಅಂದರೆ ಎರಡು ದಿನ ಹೆಜ್ಜೆ ಇಟ್ಟಾಗಲೆಲ್ಲ ಅದೇ ತೂತಿಗೆ ಅದೇ ಮುಳ್ಳು ಹೋಗಿ ಬಂದಿದೆ. ಕಾಕಾ ಆ ಎರಡು ದಿನ ಮೊಮ್ಮಗಳ ಹುಟ್ಟಿದಹಬ್ಬ ಮಾಡಿದ್ದಾರೆ, ಪಂಚಾಯಿತಿಗೆ ಹೋಗಿ ಜಗಳ ಆಡಿ ಬಂದಿದ್ದಾರೆ.

ಗಾಯ ಮಾಗಲು ಎಂಟು ವಾರ ಹಿಡಿಯಿತು. ಡ್ರೆಸ್ಸಿಂಗಿಗಿಂತ ಕಷ್ಟವಾದದ್ದು ಅವರನ್ನು ಕೂರಿಸುವುದು. "ಆ ಕಾಲ ಮ್ಯಾಲ ಭಾರ ಹಾಕಬ್ಯಾಡ್ರಿ" ಎಂದರೆ, "ನೂಸಂಗಿಲ್ಲಲ್ರಿ" ಎಂಬ ಉತ್ತರ. ನೋವಿದ್ದವರು ಕುಂಟುತ್ತಾರೆ, ಕುಂಟುವುದರಿಂದ ಗಾಯ ಮಾಗುತ್ತದೆ. ಕುಂಟು ಎಂಬುದೇ ಒಂದು ಔಷಧ ಎಂದು ನನಗೆ ಆವರೆಗೆ ಹೊಳೆದಿರಲಿಲ್ಲ.

ಈಗ ಅವರ ಕಾಲಲ್ಲಿ ಮೆತ್ತನೆ ರಬ್ಬರಿನ, ಹಿಂದೆ ಪಟ್ಟಿ ಇರುವ ಚಪ್ಪಲಿ. ಎಂಸಿಆರ್ ಎಂಬ ಈ ರಬ್ಬರಿನ ಪಾದರಕ್ಷೆ ಮೊದಲು ಕುಷ್ಠದವರಿಗೆಂದು ಬಂತು, ಅಲ್ಲಿಂದ ಸಕ್ಕರೆಯವರಿಗೆ. ಹಾಕುವ ಮೊದಲು ತಿರುಗಿಸಿ ಬಡಿಯಬೇಕು, ಒಳಗೆ ಕೈ ಆಡಿಸಬೇಕು. ಸ್ನಾನದ ನೀರಿಗೆ ಕಾಲಲ್ಲ, ಮೊಣಕೈ ಅದ್ದಿ ನೋಡಬೇಕು. ಉಗುರು ನೆಟ್ಟಗೆ ಕತ್ತರಿಸಬೇಕು, ಮೂಲೆ ಕೆತ್ತಬಾರದು. ಸಂಜೆ ದೀಪ ಹಚ್ಚಿದ ಮೇಲೆ ಕಾಕಿ ಅಂಗಾಲು ನೋಡುತ್ತಾರೆ, ಬೆರಳ ಸಂದಿ ಸಹಿತ. ಗಂಡನ ಪಾದ ಮುಟ್ಟುವುದು ಅವರಿಗೆ ಹೊಸದಲ್ಲ, ಹೀಗೆ ಕನ್ನಡಕ ಹಾಕಿಕೊಂಡು ಮುಟ್ಟುವುದು ಹೊಸದು.

*

"ಹೋದ ಜೀವ ಮರಳಿ ಬರತೈತೇನ್ರಿ?" ಎಂದು ಕಾಕಾ ವೈದ್ಯೆಯನ್ನು ಕೇಳಿದರು. ನಮ್ಮ ಊರಿನ ಹೆಸರೇ ಅವರ ಪ್ರಶ್ನೆಯೊಳಗೆ ಇದ್ದದ್ದು ಅವರಿಗೆ ತಿಳಿಯಲಿಲ್ಲ. ಕತ್ತರಿಸಿದ ನರ ಅನುಕೂಲವಿದ್ದರೆ ದಿನಕ್ಕೆ ಸುಮಾರು 1 ಮಿಲಿಮೀಟರ್ ಬೆಳೆಯುತ್ತದಂತೆ. ಸಕ್ಕರೆಯಿಂದ ಹೋದದ್ದು ಬಹುಮಟ್ಟಿಗೆ ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಬಹುದು. ವೈದ್ಯೆ ಅದನ್ನು ಹೀಗೆ ಹೇಳಿದರು: "ಹೋದದ್ದು ಬಿಡ್ರಿ, ಮೊಣಕಾಲಿನ ತನಕ ಬರೂದು ಬ್ಯಾಡ." ಕಾಕಾ ಅನ್ನದ ಒಂದು ಹೊತ್ತು ಬಿಟ್ಟು ರೊಟ್ಟಿಗೆ ಮರಳಿದರು. ಬೀಡಿ ಬಿಟ್ಟೆ ಎನ್ನುತ್ತಾರೆ. ನನಗೆ ನಂಬಿಕೆ ಅರ್ಧ.

*

ಅಂಜನಾದ್ರಿ ಬೆಟ್ಟ. ಕಾಕಾನ ಹರಕೆ ಹಳೆಯದು. 575 ಮೆಟ್ಟಿಲು, ಬರಿಗಾಲು. ಬೇಸಿಗೆಯ ಮಧ್ಯಾಹ್ನ ಆನೆಗೊಂದಿ ಸೀಮೆಯ ಬಂಡೆ ಹಂಚಿನಂತೆ ಕಾಯುತ್ತದೆ. ಜೋಮಿನ ಪಾದಕ್ಕೆ ಅದು ತಣ್ಣಗಿದ್ದ ಹಾಗೇ. ವೈದ್ಯೆ, "ಕೆಳಗಿಂದಾನ ಕೈ ಮುಗೀರಿ" ಅಂದರು. ಕಾಕಾ, "ಹನಮಪ್ಪ ಏನಂತಾನ?" ಅಂದರು. ಎರಡು ದಿನ ಈ ಮಾತು ನಡೆದು ಒಪ್ಪಂದ ಆಯಿತು: ಚಳಿಗಾಲ, ಬೆಳಗಿನ ಐದು ಗಂಟೆ, ಕಾಲಿಗೆ ದಪ್ಪ ಅರಳಿ ಕಾಲ್ಚೀಲ, ಒಂದು ಕೈ ಕಂಬಿಯ ಮೇಲೆ, ಇನ್ನೊಂದು ನನ್ನ ಹೆಗಲ ಮೇಲೆ.

ಕತ್ತಲಲ್ಲಿ ಹತ್ತಿದೆವು. ಅರ್ಧ ದಾರಿಯಲ್ಲಿ ಕಾಕಾ ಕೂತರು. ಕಾಕಿ ಕಾಲ್ಚೀಲ ಬಿಚ್ಚಿ, ಪಾದವನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡು ಮೊಬೈಲಿನ ಬ್ಯಾಟರಿ ಬಿಟ್ಟರು. ಹಿಮ್ಮಡಿ, ಉಬ್ಬು, ಒಂದೊಂದು ಬೆರಳು. ಕೆಳಗಿಂದ ಬರುತ್ತಿದ್ದ ಹುಡುಗರ ಗುಂಪು ನಿಂತಿತು.

"ಏನ್ ಹುಡಕಾಕತ್ತೀ ಬೇ?"

"ಏನೂ ಇಲ್ಲಂತ ನೋಡಾಕತ್ತೀನೋ ತಮ್ಮಾ" ಅಂದರು ಕಾಕಿ, ತಲೆ ಎತ್ತದೆ, ಎರಡನೇ ಕಾಲ್ಚೀಲ ಬಿಚ್ಚುತ್ತ.